ಸಕ್ಕರೆಗೂ ವೋಟಿಗೂ ಏನು ಸಂಬಂಧ? ಲುಕ್ರೀಶಿಯಾ ಮಾಟ್ ಬದುಕು

ಮಾರ್ಚ್ ಅಂದರೆ ಅಮೆರಿಕದ ಶಾಲೆಗಳಲ್ಲಿ ಮಹಿಳಾ ಇತಿಹಾಸದ ತಿಂಗಳು. ನ್ಯೂಜೆರ್ಸಿಯಲ್ಲಿರುವ ಅಕ್ಕನ ಮಗಳಿಗೆ ಪ್ರಾಜೆಕ್ಟಿಗೆ ಸಿಕ್ಕ ಹೆಸರು ಲುಕ್ರೀಶಿಯಾ ಮಾಟ್. ವಿಡಿಯೊ ಕಾಲ್‌ನಲ್ಲಿ ಅಜ್ಜಿಗೆ ಪಾಠ ಒಪ್ಪಿಸುತ್ತಿದ್ದಳು: "ಅವರು ಸಕ್ಕರೆ ತಿನ್ನೋದು ಬಿಟ್ರು, ಹತ್ತಿ ಬಟ್ಟೆ ಬಿಟ್ರು, ಆಮೇಲೆ ಹೆಂಗಸರಿಗೆ ವೋಟು ಬೇಕು ಅಂದ್ರು." ಅಮ್ಮ ಎಲ್ಲ ಕೇಳಿಸಿಕೊಂಡು, "ಪಾಪ, ಶುಗರ್ ಇತ್ತೇನೇ ಅವಳಿಗೆ?" ಅಂದಳು.

ನಕ್ಕು ಸುಮ್ಮನಾದೆವು. ಆದರೆ ಅಮ್ಮನ ತಲೆಗೆ ಹತ್ತದ್ದು ನಮ್ಮಲ್ಲಿ ಯಾರಿಗೂ ಸರಿಯಾಗಿ ಹತ್ತಿರಲಿಲ್ಲ. ಗುಲಾಮಗಿರಿ ನಿಲ್ಲಿಸಬೇಕು ಎಂದು ಹೊರಟ ಹೆಂಗಸು ವೋಟಿನ ಹಕ್ಕಿಗೆ ಬಂದು ನಿಂತದ್ದು ಹೇಗೆ? ನಡುವಿನ ಮೆಟ್ಟಿಲುಗಳು ಯಾವುವು? ಪಾಠದ ಪುಸ್ತಕಗಳು ಎರಡನ್ನೂ ಒಂದೇ ಸಾಲಿನಲ್ಲಿ ಹೇಳಿ ಮುಗಿಸಿಬಿಡುತ್ತವೆ. ನಿಜವಾದ ಕಥೆ ಆ ಮೆಟ್ಟಿಲುಗಳಲ್ಲಿದೆ.

ಗುಲಾಮಗಿರಿ ಅಂದರೆ ಜೀತವಲ್ಲ

ಗುಲಾಮಗಿರಿ ಅಂದ ಕೂಡಲೇ ನಮಗೆ ನೆನಪಾಗುವುದು ಜೀತ. ಜೀತದಲ್ಲಿ ಸುಳ್ಳೋ ನಿಜವೋ, ಸಾಲದ ಲೆಕ್ಕ ಒಂದಿರುತ್ತದೆ. ಅಮೆರಿಕದ ಗುಲಾಮಗಿರಿಯಲ್ಲಿ ಅದೂ ಇರಲಿಲ್ಲ. ಅಲ್ಲಿ ಮನುಷ್ಯನೇ ಸ್ವತ್ತು. ಜಾತ್ರೆಯಲ್ಲಿ ಎತ್ತಿನ ಹಲ್ಲು ನೋಡಿ ಬೆಲೆ ಕಟ್ಟುವಂತೆ ಆಫ್ರಿಕಾ ಮೂಲದವರಿಗೆ ಹರಾಜಿನ ಕಟ್ಟೆಯ ಮೇಲೆ ಬೆಲೆ ಕಟ್ಟುತ್ತಿದ್ದರು. ತಾಯಿ ಗುಲಾಮಳಾದರೆ ಮಗು ಹುಟ್ಟುತ್ತಲೇ ಒಡೆಯನ ಸ್ವತ್ತು. 1860ರ ಜನಗಣತಿಯ ಹೊತ್ತಿಗೆ ಇಂಥವರು ಸುಮಾರು 40 ಲಕ್ಷ ಮಂದಿ.

ಸಂವಿಧಾನದಲ್ಲೂ ಇದಕ್ಕೊಂದು ಲೆಕ್ಕವಿತ್ತು. ಯಾವ ರಾಜ್ಯಕ್ಕೆ ಸಂಸತ್ತಿನಲ್ಲಿ ಎಷ್ಟು ಸೀಟು ಎಂದು ಎಣಿಸುವಾಗ ಐವರು ಗುಲಾಮರನ್ನು ಮೂವರೆಂದು ಹಿಡಿಯುತ್ತಿದ್ದರು. ಅವರಿಗೆ ವೋಟಿಲ್ಲ, ಆದರೆ ಅವರ ತಲೆ ಎಣಿಕೆಯಿಂದ ಬಂದ ಹೆಚ್ಚಿನ ಸೀಟು ಒಡೆಯರ ಪಾಲಿಗೆ. ಈ ಒಂದು ಲೆಕ್ಕ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಉತ್ತರದ ರಾಜ್ಯಗಳು ಒಂದೊಂದಾಗಿ ಇದರಿಂದ ಹೊರಬಂದಿದ್ದವು. ಪೆನ್ಸಿಲ್ವೇನಿಯಾ 1780ರಲ್ಲೇ ಗುಲಾಮಗಿರಿಯನ್ನು ಹಂತಹಂತವಾಗಿ ತೆಗೆಯುವ ಕಾನೂನು ಮಾಡಿತ್ತು. ಆದರೂ ದಕ್ಷಿಣದ ಹೊಲಗಳಲ್ಲಿ ಗುಲಾಮರು ಬಿಡಿಸಿದ ಹತ್ತಿ ಉತ್ತರದವರ ಮೈಮೇಲಿತ್ತು, ಅವರು ಕಡಿದ ಕಬ್ಬಿನ ಸಕ್ಕರೆ ಉತ್ತರದವರ ಚಹಾದಲ್ಲಿತ್ತು.

ಎಲ್ಲರಿಗೂ ಏಕವಚನ

ಲುಕ್ರೀಶಿಯಾ ಹುಟ್ಟಿದ್ದು 1793ರ ಜನವರಿ 3ರಂದು, ನ್ಯಾನ್ಟಕೆಟ್ ಎಂಬ ಪುಟ್ಟ ದ್ವೀಪದಲ್ಲಿ. ಅಪ್ಪ ಥಾಮಸ್ ಕಾಫಿನ್ ದೂರ ಸಾಗರದ ಹಡಗಿನ ಕಪ್ತಾನ. ಆ ಹಡಗುಗಳು ಹೊರಟರೆ ಊರು ಸೇರುವುದಕ್ಕೆ ವರ್ಷಗಳೇ ಬೇಕು. ಹಾಗಾಗಿ ದ್ವೀಪದ ವ್ಯವಹಾರವೆಲ್ಲ ಹೆಂಗಸರ ಕೈಯಲ್ಲಿ. ಲುಕ್ರೀಶಿಯಾರ ಅಮ್ಮ ಅಂಗಡಿ ನಡೆಸುತ್ತಿದ್ದರು, ಸಾಮಾನು ತರಲು ಬಾಸ್ಟನ್‌ಗೆ ಹೋಗಿ ಚೌಕಾಸಿ ಮಾಡಿ ಬರುತ್ತಿದ್ದರು.

ಮನೆತನ ಕ್ವೇಕರ್ ಪಂಥದ್ದು. ಕ್ರೈಸ್ತರಲ್ಲೇ ಇದೊಂದು ಬೇರೆ ದಾರಿ. ಪ್ರತಿಯೊಬ್ಬರೊಳಗೂ ದೇವರ ಬೆಳಕಿದೆ, ನಡುವೆ ಪೂಜಾರಿ ಬೇಕಿಲ್ಲ ಎಂಬ ನಂಬಿಕೆ. ಪ್ರಾರ್ಥನೆ ಅಂದರೆ ಎಲ್ಲರೂ ಬೆಂಚಿನ ಮೇಲೆ ಮೌನವಾಗಿ ಕೂರುವುದು. ಯಾರಿಗೆ ಒಳಗಿನಿಂದ ಮಾತು ಬರುತ್ತದೋ ಅವರು ಎದ್ದು ಮಾತಾಡಬಹುದು, ಗಂಡಸಾಗಲಿ ಹೆಂಗಸಾಗಲಿ. ಒಂದು ವಿಷಯ ಕನ್ನಡದವರಿಗೆ ಬೇರೆಯವರಿಗಿಂತ ಬೇಗ ಅರ್ಥವಾಗುತ್ತದೆ: ಕ್ವೇಕರರು ಯಾರನ್ನೂ 'ನೀವು' ಅನ್ನುತ್ತಿರಲಿಲ್ಲ. ನ್ಯಾಯಾಧೀಶನಿಗೂ 'ನೀನು', ಅಡುಗೆಯವಳಿಗೂ 'ನೀನು'. ನಮ್ಮಲ್ಲಿ ತಹಶೀಲ್ದಾರರ ಮುಂದೆ ಹಾಗಂದು ನೋಡಿ, ಅದರ ಬಿಸಿ ಎಷ್ಟು ಅಂತ ಗೊತ್ತಾಗುತ್ತದೆ.

ಹಾಗಂತ ಕ್ವೇಕರರಲ್ಲಿ ಎಲ್ಲವೂ ಸಮವಾಗಿರಲಿಲ್ಲ. ಲುಕ್ರೀಶಿಯಾ 13ರ ವಯಸ್ಸಿಗೆ ನ್ಯೂಯಾರ್ಕ್ ರಾಜ್ಯದ ನೈನ್ ಪಾರ್ಟ್ನರ್ಸ್ ಎಂಬ ಕ್ವೇಕರ್ ವಸತಿ ಶಾಲೆ ಸೇರಿದರು, ಮುಂದೆ ಅಲ್ಲೇ ಪಾಠ ಹೇಳಿದರು. ಶಾಲೆಯ ಲೆಕ್ಕ ನೋಡಿದಾಗ ಒಂದು ವಿಷಯ ಕಣ್ಣಿಗೆ ಬಿತ್ತು. ಫೀಸು ಹುಡುಗರಿಗೂ ಹುಡುಗಿಯರಿಗೂ ಒಂದೇ. ಆದರೆ ಕಲಿತು ಮಾಸ್ತರಿಕೆಗೆ ನಿಂತರೆ ಹೆಣ್ಣಿಗೆ ಸಿಗುವುದು ಗಂಡಿನ ಅರ್ಧ ಸಂಬಳ. ಈ ಅನ್ಯಾಯ ಅಷ್ಟು ಢಾಳಾಗಿ ಕಂಡದ್ದರಿಂದ ಆಗಲೇ ಒಂದು ನಿರ್ಧಾರಕ್ಕೆ ಬಂದೆ ಎಂದು ಅವರೇ ಮುಂದೆ ಬರೆದುಕೊಂಡಿದ್ದಾರೆ.

ಅದೇ ಶಾಲೆಯ ಅಧ್ಯಾಪಕ ಜೇಮ್ಸ್ ಮಾಟ್ ಜತೆ 1811ರಲ್ಲಿ ಮದುವೆ. ಸಂಸಾರ ಪೆನ್ಸಿಲ್ವೇನಿಯಾದ ಫಿಲಡೆಲ್ಫಿಯಾ ನಗರದಲ್ಲಿ. ಆರು ಮಕ್ಕಳಲ್ಲಿ ಒಂದು ಗಂಡು ಮಗು ಚಿಕ್ಕದರಲ್ಲೇ ತೀರಿಕೊಂಡಿತು. ಆ ದುಃಖದ ನಂತರವೇ ಪ್ರಾರ್ಥನಾ ಸಭೆಗಳಲ್ಲಿ ಮಾತಾಡತೊಡಗಿದರು. 1821ರ ಹೊತ್ತಿಗೆ ಪಂಥ ಅವರನ್ನು ಬೋಧಕಿ ಎಂದು ಒಪ್ಪಿತು. ಸಂಬಳವಿಲ್ಲದ ಹುದ್ದೆ. ಆದರೆ ನೂರಾರು ಜನರ ಮುಂದೆ ನಿಂತು ಮಾತಾಡುವ ಅಭ್ಯಾಸ ಆ ಕಾಲದ ಎಷ್ಟು ಹೆಂಗಸರಿಗಿತ್ತು?

ಸಕ್ಕರೆ ಬಿಟ್ಟದ್ದು ಏಕೆ

ಕ್ವೇಕರರಲ್ಲಿ ಎಲಿಯಾಸ್ ಹಿಕ್ಸ್ ಎಂಬ ಬೋಧಕರಿದ್ದರು. ಗುಲಾಮರ ದುಡಿಮೆಯ ವಸ್ತು ಕೊಳ್ಳುವುದು ಕದ್ದ ಮಾಲು ಕೊಂಡಂತೆ ಎಂಬುದು ಅವರ ವಾದ. ಕಳ್ಳನಿಗೆ ಗಿರಾಕಿ ಇರುವವರೆಗೆ ಕಳವು ನಿಲ್ಲದು ತಾನೆ? ಈ ಮಾತನ್ನು ಲುಕ್ರೀಶಿಯಾ ಅಡುಗೆಮನೆಗೆ ತಂದರು. ಕಬ್ಬಿನ ಸಕ್ಕರೆ ಹೋಯಿತು, ಹತ್ತಿ ಬಟ್ಟೆ ಹೋಯಿತು.

ಇಲ್ಲಿ ಒಂದು ತೊಡಕು. ಗಂಡ ಜೇಮ್ಸ್ ಹೊಟ್ಟೆ ಹೊರೆಯುತ್ತಿದ್ದದ್ದೇ ಹತ್ತಿ ವ್ಯಾಪಾರದಿಂದ. ಹಲವು ವರ್ಷ ಕೈ ಸುಟ್ಟುಕೊಂಡ ಮೇಲೆ ಆಗ ತಾನೆ ಕುದುರಿದ್ದ ವ್ಯಾಪಾರ. 1830ರ ಹೊತ್ತಿಗೆ ಅವರು ಅದನ್ನು ಬಿಟ್ಟು ಉಣ್ಣೆಗೆ ತಿರುಗಿದರು. ಈ ಕಥೆಯಲ್ಲಿ ಜೇಮ್ಸ್ ಬಗ್ಗೆ ಯಾರೂ ಹೆಚ್ಚು ಮಾತಾಡುವುದಿಲ್ಲ. ನನಗೇನೋ ಅವರು ತೆತ್ತ ಬೆಲೆ ಸಣ್ಣದು ಅನ್ನಿಸುವುದಿಲ್ಲ.

ಫಿಲಡೆಲ್ಫಿಯಾದಲ್ಲಿ ಗುಲಾಮರ ಬೆವರಿಲ್ಲದ ವಸ್ತುಗಳಿಗೆಂದೇ ಅಂಗಡಿಗಳಿದ್ದವು. ಲಿಡಿಯಾ ವೈಟ್ ಎಂಬಾಕೆಯ ಅಂಗಡಿ ಹೆಸರುವಾಸಿ. ಮಾಲು ಮಾತ್ರ ಅಷ್ಟಕ್ಕಷ್ಟೆ. ಆ ಛತ್ರಿಗಳು ನೋಡಲಾರದಷ್ಟು ಕುರೂಪ, ಆ ಮಿಠಾಯಿ ಬಾಯಿಗಿಡಲಾರದಷ್ಟು ಕೆಟ್ಟದು ಎಂದು ಲುಕ್ರೀಶಿಯಾರ ಮೊಮ್ಮಗಳು ಮುಂದೆ ಬರೆದಿದ್ದಾಳೆ. ಅಜ್ಜಿಯ ತತ್ವಕ್ಕೆ ಮೊಮ್ಮಕ್ಕಳ ನಾಲಿಗೆ ತೆತ್ತ ದಂಡ ಅದು.

ಇದೇ ಚಳವಳಿ ಇಂಗ್ಲೆಂಡಿನಲ್ಲೂ ಇತ್ತು. ಅಲ್ಲಿ ವೆಸ್ಟ್ ಇಂಡೀಸ್ ಸಕ್ಕರೆ ಬಿಟ್ಟವರು ಕೊಂಡದ್ದು ನಮ್ಮ ಕಡೆಯ ಸಕ್ಕರೆ. "ಈಸ್ಟ್ ಇಂಡಿಯಾ ಸಕ್ಕರೆ, ಗುಲಾಮರು ಮಾಡಿದ್ದಲ್ಲ" ಎಂದು ಬರೆದ ಪಿಂಗಾಣಿ ಬಟ್ಟಲುಗಳು ಇಂದಿಗೂ ಮ್ಯೂಸಿಯಮ್‌ಗಳಲ್ಲಿವೆ. ಬ್ರಿಟನ್ 1833ರಲ್ಲಿ ಗುಲಾಮಗಿರಿ ರದ್ದು ಮಾಡಿದ ಕಾನೂನಿನಿಂದ ಕಂಪನಿ ಸರ್ಕಾರದ ಇಂಡಿಯಾವನ್ನು ಹೊರಗಿಟ್ಟಿತ್ತು ಎಂಬುದನ್ನು ಆ ಬಟ್ಟಲುಗಳು ಹೇಳುವುದಿಲ್ಲ. ಇಲ್ಲಿಗೆ ಅಂಥ ಕಾನೂನು ಬಂದದ್ದು 1843ರಲ್ಲಿ.

ಸಭೆ ನಡೆಸುವುದು ಹೇಗೆಂದೇ ಗೊತ್ತಿಲ್ಲ

ಸಕ್ಕರೆ ಬಿಡುವುದಕ್ಕೆ ಯಾರ ಅಪ್ಪಣೆಯೂ ಬೇಡ. ಮುಂದಿನ ಮೆಟ್ಟಿಲು ಹಾಗಲ್ಲ.

1833ರ ಡಿಸೆಂಬರಿನಲ್ಲಿ ಫಿಲಡೆಲ್ಫಿಯಾದಲ್ಲಿ ಅಮೆರಿಕನ್ ಗುಲಾಮಗಿರಿ ವಿರೋಧಿ ಸಂಘ ಹುಟ್ಟಿತು. ಗುಲಾಮಗಿರಿ ನಿಧಾನಕ್ಕಲ್ಲ, ಈಗಲೇ ಹೋಗಬೇಕು ಎಂಬುದು ಅದರ ಪಟ್ಟು. ಲುಕ್ರೀಶಿಯಾ ಸಭೆಗೆ ಹೋದರು, ಘೋಷಣೆಯ ವಾಕ್ಯಗಳನ್ನು ತಿದ್ದುವ ಸಲಹೆಯನ್ನೂ ಕೊಟ್ಟರು. ಸಹಿ ಮಾತ್ರ ಗಂಡಸರದ್ದು. ಹೆಂಗಸರೂ ಹಾಕಬೇಕು ಎಂದು ಅಲ್ಲಿ ಯಾರಿಗೂ ಹೊಳೆಯಲೇ ಇಲ್ಲ.

ಕೆಲವೇ ದಿನಗಳಲ್ಲಿ ಹೆಂಗಸರು ತಮ್ಮದೇ ಸಂಘ ಕಟ್ಟಿದರು. ಬಿಳಿಯರೂ ಕರಿಯರೂ ಜತೆಯಾಗಿ ಕಟ್ಟಿದ ಸಂಘ. ನಗರದ ಅನುಕೂಲಸ್ಥ ಕರಿಯ ಮನೆತನದ ಶಾರ್ಲೆಟ್ ಫೋರ್ಟೆನ್ ಮತ್ತವರ ಹೆಣ್ಣುಮಕ್ಕಳು, ಅಧ್ಯಾಪಕಿ ಸಾರಾ ಡಗ್ಲಸ್ ಮೊದಲಿಂದಲೂ ಇದ್ದರು. ಆದರೆ ಸಭೆ ನಡೆಸುವುದು ಹೇಗೆ? ಠರಾವು ಅಂದರೇನು, ಅದನ್ನು ಮಂಡಿಸುವುದು ಹೇಗೆ, ಕೈ ಎತ್ತಿಸುವುದು ಯಾವಾಗ? ಒಬ್ಬರಿಗೂ ಗೊತ್ತಿಲ್ಲ. ಕೊನೆಗೆ ಜೇಮ್ಸ್ ಮೆಕ್‌ಕ್ರಮೆಲ್ ಎಂಬ ಕರಿಯ ಗಂಡಸನ್ನು ಕರೆದು ಅಧ್ಯಕ್ಷರ ಕುರ್ಚಿಯಲ್ಲಿ ಕೂರಿಸಿದರು. ಮೂವತ್ತು ವರ್ಷದ ನಂತರ ಇದನ್ನು ನೆನೆದು ಲುಕ್ರೀಶಿಯಾ ಹೇಳಿದ್ದಿಷ್ಟು: ಕಾನೂನಿನ ಕಾಗದಗಳಲ್ಲಿ ಕರಿಯರು, ಬುದ್ಧಿಮಾಂದ್ಯರು, ಹೆಂಗಸರು ಒಂದೇ ವರ್ಗ. ಅದಕ್ಕೇ ನಮ್ಮ ವರ್ಗದವನೇ ಒಬ್ಬ ನೆರವಿಗೆ ಬಂದದ್ದು ನಮಗೆ ಖುಷಿಯಾಯಿತು.

ಸಂಘದ ಮುಖ್ಯ ಕೆಲಸ ಸಹಿ ಸಂಗ್ರಹ. ವೋಟಿಲ್ಲದವರಿಗೆ ಸರ್ಕಾರವನ್ನು ಮುಟ್ಟಲು ಇದ್ದ ಒಂದೇ ದಾರಿ ಅರ್ಜಿ. ಹೆಂಗಸರು ಮನೆಮನೆ ಬಾಗಿಲು ತಟ್ಟಿ ಸಹಿ ಹಾಕಿಸಿ ಸಂಸತ್ತಿಗೆ ಕಳಿಸಿದರು. ಅರ್ಜಿಗಳು ರಾಶಿಯಾದಾಗ ಸಂಸತ್ತಿನ ಕೆಳಮನೆ 1836ರಲ್ಲಿ ಒಂದು ನಿಯಮ ಮಾಡಿತು: ಗುಲಾಮಗಿರಿಯ ವಿಚಾರದ ಅರ್ಜಿಗಳನ್ನು ಚರ್ಚಿಸದೆ ಬದಿಗಿಡುವುದು. ಇದು 1844ರವರೆಗೆ ಜಾರಿಯಲ್ಲಿತ್ತು. ಗುಲಾಮರ ತಲೆ ಎಣಿಕೆಯಿಂದ ದಕ್ಷಿಣಕ್ಕೆ ಸಿಕ್ಕ ಸೀಟುಗಳನ್ನು ನೆನಪಿಟ್ಟುಕೊಳ್ಳಿ ಅಂದಿದ್ದೆನಲ್ಲ, ಅವು ಬಳಕೆಗೆ ಬಂದದ್ದು ಇಂಥ ಕಡೆ.

ನಾಲ್ಕು ದಿನ ಬಾಳಿದ ಕಟ್ಟಡ

ಈ ಹೋರಾಟಗಾರರಿಗೆ ಸಭೆಗೆ ಯಾರೂ ಜಾಗ ಕೊಡುತ್ತಿರಲಿಲ್ಲ. ಅದಕ್ಕೆ ಫಿಲಡೆಲ್ಫಿಯಾದಲ್ಲಿ 20 ಡಾಲರಿನ ಷೇರುಗಳನ್ನು ಮಾರಿ, ಸುಮಾರು 40,000 ಡಾಲರ್ ಖರ್ಚಿನಲ್ಲಿ ತಮ್ಮದೇ ಕಟ್ಟಡ ಎಬ್ಬಿಸಿದರು. ಹೆಸರು ಪೆನ್ಸಿಲ್ವೇನಿಯಾ ಹಾಲ್. 1838ರ ಮೇ 14ರಂದು ಬಾಗಿಲು ತೆರೆಯಿತು. ಅದೇ ವಾರ ಅಲ್ಲಿ ಗುಲಾಮಗಿರಿ ವಿರೋಧಿ ಮಹಿಳೆಯರ ರಾಷ್ಟ್ರೀಯ ಸಮಾವೇಶ.

ಮೇ 16ರ ಸಂಜೆ ದಕ್ಷಿಣದ ಗುಲಾಮರ ಒಡೆಯರ ಮನೆಯಿಂದಲೇ ಹೊರಬಂದಿದ್ದ ಏಂಜೆಲಿನಾ ಗ್ರಿಮ್ಕೆ ಒಂದು ಗಂಟೆಗೂ ಹೆಚ್ಚು ಮಾತಾಡಿದರು. ಹೊರಗಿನಿಂದ ಕಲ್ಲು ಬೀಳುತ್ತಿತ್ತು, ಕಿಟಕಿಯ ಗಾಜು ಒಡೆಯುತ್ತಿತ್ತು. ಜನರ ಸಿಟ್ಟಿಗೆ ಕಾರಣ ಗುಲಾಮಗಿರಿಯ ಮಾತೊಂದೇ ಅಲ್ಲ. ಗಂಡಸರೂ ಹೆಂಗಸರೂ ಇರುವ ಸಭೆಯಲ್ಲಿ ಹೆಣ್ಣು ಭಾಷಣ ಮಾಡುತ್ತಿದ್ದಾಳೆ, ಕರಿಯರೂ ಬಿಳಿಯರೂ ಅಕ್ಕಪಕ್ಕ ಕೂತಿದ್ದಾರೆ. ಇವೆರಡೂ ಅವರಿಗೆ ಸಹಿಸಲಾಗದ ಸಂಗತಿ.

ಮರುದಿನ ಮೇಯರ್ ಕಡೆಯಿಂದ ಸೂಚನೆ ಬಂತು: ಕರಿಯ ಹೆಂಗಸರು ಸಭೆಗೆ ಬಾರದಿದ್ದರೆ ಒಳ್ಳೆಯದು. ಲುಕ್ರೀಶಿಯಾ ಸೂಚನೆಯನ್ನು ಮುಚ್ಚಿಡದೆ ಸಭೆಗೆ ತಿಳಿಸಿದರು. ತಿಳಿಸಿ, ತನಗೆ ಇದು ಒಪ್ಪಿಗೆಯಿಲ್ಲ, ಇಷ್ಟಕ್ಕೆ ಯಾರೂ ಹೆದರಿ ಹಿಂದೆ ಸರಿಯಬಾರದು ಅಂದರು. ಹೊರಡುವಾಗ ಕರಿಯ ಮತ್ತು ಬಿಳಿಯ ಹೆಂಗಸರು ತೋಳಿಗೆ ತೋಳು ಸೇರಿಸಿ ಗುಂಪಿನ ನಡುವೆಯೇ ನಡೆದು ಹೋದರು.

ಆ ರಾತ್ರಿ ಗುಂಪು ಬಾಗಿಲು ಮುರಿದು ಕಟ್ಟಡಕ್ಕೆ ಬೆಂಕಿ ಇಟ್ಟಿತು. ಅಗ್ನಿಶಾಮಕದವರು ಬಂದರು, ಅಕ್ಕಪಕ್ಕದ ಮನೆಗಳಿಗೆ ನೀರು ಹೊಡೆದರು, ಹಾಲ್ ಉರಿಯಲು ಬಿಟ್ಟರು. ಗುಂಪು ಅಲ್ಲಿಂದ ಮಾಟ್ ಮನೆಯ ಕಡೆ ತಿರುಗಿತು. ಮನೆಯಲ್ಲಿ ಗಂಡ ಹೆಂಡತಿ ನೆಂಟರಿಷ್ಟರ ಜತೆ ಕಾದು ಕೂತಿದ್ದರು. ಗುಂಪಿನೊಳಗೆ ಸೇರಿಕೊಂಡಿದ್ದ ಅವರ ಗೆಳೆಯನೊಬ್ಬ "ಮಾಟ್ ಮನೆಗೆ ನಡೀರಿ" ಎಂದು ಕೂಗುತ್ತ ಬೇರೆ ಬೀದಿಗೆ ಎಳೆದುಕೊಂಡು ಹೋದ. ಮನೆ ಉಳಿಯಿತು. ಮಾರನೆಯ ದಿನ ಹೆಂಗಸರು ಒಂದು ಶಾಲೆಯ ಕೋಣೆಯಲ್ಲಿ ಸೇರಿ ಸಮಾವೇಶ ಮುಂದುವರಿಸಿದರು.

ಅದೇ 1838ರಲ್ಲಿ ಪೆನ್ಸಿಲ್ವೇನಿಯಾದ ಹೊಸ ಸಂವಿಧಾನ ಕರಿಯ ಗಂಡಸರಿಂದ ವೋಟು ಕಿತ್ತುಕೊಂಡಿತು. ಪಕ್ಕದ ನ್ಯೂಜೆರ್ಸಿಯಲ್ಲಿ ಆಸ್ತಿಯಿದ್ದ ಒಂಟಿ ಹೆಂಗಸರು ವೋಟು ಹಾಕುತ್ತಿದ್ದರು, ಅದನ್ನೂ 1807ರಲ್ಲಿ ತೆಗೆದಿದ್ದರು. ಹಕ್ಕು ಅಂದರೆ ಒಮ್ಮೆ ಕೊಟ್ಟರೆ ಮುಗಿಯಿತು ಎಂಬ ನಂಬಿಕೆ ಈ ಪೀಳಿಗೆಗೆ ಇರಲು ಕಾರಣವೇ ಇರಲಿಲ್ಲ.

ಲಂಡನ್ನಿನಲ್ಲಿ ಕಟಕಟೆಯ ಹಿಂದೆ

1840ರ ಜೂನ್. ಲಂಡನ್ನಿನಲ್ಲಿ ವಿಶ್ವ ಗುಲಾಮಗಿರಿ ವಿರೋಧಿ ಸಮಾವೇಶ. ಅಮೆರಿಕದ ಸಂಘಗಳು ಕಳಿಸಿದ ಪ್ರತಿನಿಧಿಗಳಲ್ಲಿ ಲುಕ್ರೀಶಿಯಾ ಸೇರಿ ಕೆಲವು ಹೆಂಗಸರೂ ಇದ್ದರು. ಮೊದಲ ದಿನದ ಚರ್ಚೆಯೆಲ್ಲ ಗುಲಾಮರ ಬಗ್ಗೆ ಅಲ್ಲ, ಈ ಹೆಂಗಸರನ್ನು ಪ್ರತಿನಿಧಿಗಳೆಂದು ಒಪ್ಪಬೇಕೇ ಎಂಬುದರ ಬಗ್ಗೆ. ಹೆಂಗಸರು ಕೂತರೆ ಸಭೆ ನಗೆಗೀಡಾಗುತ್ತದೆ, ಇಂಗ್ಲೆಂಡಿನ ಪದ್ಧತಿ ಇದಲ್ಲ ಎಂಬ ವಾದ. ಕ್ವೇಕರರಲ್ಲಿ ಆಗ ಒಡಕು ಬಂದು ಲುಕ್ರೀಶಿಯಾ ಹಿಕ್ಸ್ ಕಡೆಯವರಾಗಿದ್ದರು, ಇಂಗ್ಲೆಂಡಿನ ಕ್ವೇಕರರಿಗೆ ಅದು ಧರ್ಮಭ್ರಷ್ಟತೆ. ಹಾಗಾಗಿ ಅವರನ್ನು ದೂರವಿಡಲು ಎರಡೆರಡು ಕಾರಣ.

ಭಾರಿ ಬಹುಮತದಿಂದ ಹೆಂಗಸರು ಹೊರಗಾದರು. ಕಟಕಟೆ ಹಾಕಿದ ಬದಿಯ ಜಾಗದಲ್ಲಿ ಕೂತು ಕೇಳಬಹುದು, ಬಾಯಿ ಬಿಡುವಂತಿಲ್ಲ. ಅಮೆರಿಕದ ಚಳವಳಿಯ ದೊಡ್ಡ ನಾಯಕ ವಿಲಿಯಂ ಲಾಯ್ಡ್ ಗ್ಯಾರಿಸನ್ ತಡವಾಗಿ ಬಂದವರು ವಿಷಯ ತಿಳಿದು ಗಂಡಸರ ನಡುವೆ ಕೂರಲು ಒಪ್ಪದೆ ಹೆಂಗಸರ ಕಡೆಗೇ ಹೋಗಿ ಕೂತರು.

ಆ ಸಮಾವೇಶಕ್ಕೆ ಹೊಸದಾಗಿ ಮದುವೆಯಾದ ಎಲಿಜಬೆತ್ ಕೇಡಿ ಸ್ಟಾಂಟನ್ ಗಂಡನ ಜತೆ ಬಂದಿದ್ದರು. ಅವರಿಗೆ 24, ಲುಕ್ರೀಶಿಯಾರಿಗೆ 47. ಇಬ್ಬರಿಗೂ ಮಾತು ಬೆಳೆಯಿತು. ಊರಿಗೆ ಹೋದ ಮೇಲೆ ಹೆಂಗಸರ ಹಕ್ಕಿಗೇ ಒಂದು ಸಭೆ ಮಾಡಬೇಕು ಎಂದು ಆಗಲೇ ಮಾತಾಡಿಕೊಂಡೆವು ಎಂದು ಎಲಿಜಬೆತ್ ಮುಂದೆ ಬರೆದರು. ಮಾಡಲು ಎಂಟು ವರ್ಷ ಹಿಡಿಯಿತು.

ಚಹಾ ಮೇಜಿನಿಂದ ಸೆನೆಕಾ ಫಾಲ್ಸ್‌ಗೆ

1848ರ ಜುಲೈ 9ರಂದು ನ್ಯೂಯಾರ್ಕ್ ರಾಜ್ಯದ ವಾಟರ್‌ಲೂ ಎಂಬ ಊರಲ್ಲಿ ಜೇನ್ ಹಂಟ್ ಮನೆಯಲ್ಲಿ ಐವರು ಹೆಂಗಸರು ಚಹಾಕ್ಕೆ ಸೇರಿದರು. ತಂಗಿಯ ಮನೆಗೆ ಬಂದಿದ್ದ ಲುಕ್ರೀಶಿಯಾ, ಆ ತಂಗಿ ಮಾರ್ಥಾ, ಎಲಿಜಬೆತ್ ಅವರಲ್ಲಿದ್ದರು. ಅದಕ್ಕೆ ಮೊದಲು ಲುಕ್ರೀಶಿಯಾ ಸೆನೆಕಾ ಎಂಬ ಮೂಲನಿವಾಸಿಗಳ ಊರಿಗೂ ಹೋಗಿ ಬಂದಿದ್ದರು. ಅಲ್ಲಿ ಮುಖಂಡರನ್ನು ಆರಿಸುವಾಗ ಹೆಂಗಸರ ಮಾತು ನಡೆಯುತ್ತಿತ್ತು.

ಚಹಾ ಮೇಜಿನ ಮೇಲೆ ಬಂದ ದೂರುಗಳೇನು ಎಂದು ತಿಳಿಯಲು ಆಗಿನ ಕಾನೂನು ಸ್ವಲ್ಪ ಗೊತ್ತಿರಬೇಕು. ಮದುವೆಯಾದ ಕೂಡಲೇ ಹೆಣ್ಣು ಕಾನೂನಿನ ಕಣ್ಣಿಗೆ ಬೇರೆ ವ್ಯಕ್ತಿಯೇ ಅಲ್ಲ, ಗಂಡನೊಳಗೆ ಕರಗಿದವಳು. ಅವಳ ಕೂಲಿ ಗಂಡನದು, ಒಪ್ಪಂದಕ್ಕೆ ಅವಳ ಸಹಿ ನಡೆಯದು, ಮಕ್ಕಳ ಮೇಲೆ ಹಕ್ಕೂ ಗಂಡನದೇ. ನಮ್ಮಲ್ಲಿ ಸ್ತ್ರೀಧನ ಎಂಬ ಮಾತಾದರೂ ಇತ್ತು. ಅಲ್ಲಿ ಹೆಂಡತಿಯ ಆಸ್ತಿ ಅವಳದೇ ಎಂಬ ಕಾನೂನು ನ್ಯೂಯಾರ್ಕಿನಲ್ಲಿ ಬಂದದ್ದು ಅದೇ 1848ರ ಏಪ್ರಿಲ್‌ನಲ್ಲಿ.

ಹತ್ತೇ ದಿನದಲ್ಲಿ, ಜುಲೈ 19 ಮತ್ತು 20ರಂದು, ಪಕ್ಕದ ಸೆನೆಕಾ ಫಾಲ್ಸ್‌ನ ಚರ್ಚಿನಲ್ಲಿ ಸಭೆ. ಪತ್ರಿಕೆಯ ಪ್ರಕಟಣೆಯಲ್ಲಿದ್ದ ಒಂದೇ ಹೆಸರು ಲುಕ್ರೀಶಿಯಾರದು, ಜನ ಬರುವುದು ಆ ಹೆಸರಿಗೆ ತಾನೆ. ಬೆಳಗ್ಗೆ ಹೋದರೆ ಚರ್ಚಿಗೆ ಬೀಗ. ಎಲಿಜಬೆತ್ ತಮ್ಮ ಸಂಬಂಧಿಕರ ಹುಡುಗನೊಬ್ಬನನ್ನು ಕಿಟಕಿಯೊಳಗೆ ಇಳಿಸಿ ಬಾಗಿಲು ತೆಗೆಸಿದರು. ಸುಮಾರು 300 ಜನ ಸೇರಿದರು.

ಅಲ್ಲಿ ಓದಿದ ಘೋಷಣೆಯನ್ನು 1776ರ ಸ್ವಾತಂತ್ರ್ಯ ಘೋಷಣೆಯ ಅಚ್ಚಿನಲ್ಲೇ ಬರೆದಿದ್ದರು. 'ಎಲ್ಲ ಪುರುಷರೂ ಸಮಾನರು' ಎಂಬಲ್ಲಿ 'ಮತ್ತು ಸ್ತ್ರೀಯರೂ' ಎಂದು ಸೇರಿಸಿದ್ದರು. ಎಲಿಜಬೆತ್ ಠರಾವುಗಳ ನಡುವೆ ವೋಟಿನ ಹಕ್ಕನ್ನೂ ಇಟ್ಟಾಗ ಲುಕ್ರೀಶಿಯಾ ಹೇಳಿದ ಮಾತು, ಎಲಿಜಬೆತ್ ನೆನಪಿಟ್ಟುಕೊಂಡಂತೆ: "ಲಿಜ್ಜಿ, ನೀನು ನಮ್ಮನ್ನು ನಗೆಪಾಟಲು ಮಾಡ್ತೀಯ."

ವೋಟಿನ ಹೋರಾಟದ ತಾಯಿ ಅಂತ ಹೆಸರಾದವರೇ ಹೀಗಂದರೇ? ಅನ್ನಲು ಕಾರಣವಿತ್ತು. ಲುಕ್ರೀಶಿಯಾರೂ ಸೇರಿದ್ದ ಗ್ಯಾರಿಸನ್ ಕಡೆಯವರಿಗೆ ಸಂವಿಧಾನವೇ ಗುಲಾಮಗಿರಿಯ ಕಾವಲುಗಾರ, ಅದರಡಿ ವೋಟು ಹಾಕುವುದು ಪಾಪದಲ್ಲಿ ಪಾಲು. ಕತ್ತಿ ಕೋವಿಯ ಬಲದ ಸರ್ಕಾರವನ್ನು ಆರಿಸುವುದು ಬೇಡ ಎನ್ನುವ ಕ್ವೇಕರ್ ಗಂಡಸರೂ ಇದ್ದರು. ತಾನೇ ಬೇಡವೆಂದದ್ದನ್ನು ಬೇಕೆಂದು ಕೇಳುವುದು ಹೇಗೆ? ಮರುವರ್ಷದ ಭಾಷಣದಲ್ಲಿ ಲುಕ್ರೀಶಿಯಾ ಇದನ್ನು ಬಿಡಿಸಿಟ್ಟರು: ಇಂಥ ಸರ್ಕಾರದಲ್ಲಿ ಗಂಡಸರೂ ಪಾಲುಗೊಳ್ಳದಿದ್ದರೆ ಚೆನ್ನ. ಆದರೆ ಹಕ್ಕು ಹೆಣ್ಣಿನದು, ಅದನ್ನು ಬಳಸುವುದು ಬಿಡುವುದು ಅವಳಿಗೆ ಸೇರಿದ್ದು.

ಸಭೆಯಲ್ಲಿ ಒಮ್ಮತ ಸಿಗದ ಠರಾವು ಅದೊಂದೇ. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದು ಪತ್ರಿಕೆ ನಡೆಸುತ್ತಿದ್ದ ಫ್ರೆಡರಿಕ್ ಡಗ್ಲಸ್ ಎದ್ದು ಬೆಂಬಲಿಸಿದ ಮೇಲೆ ಪಾರಾಯಿತು. ಘೋಷಣೆಗೆ 68 ಹೆಂಗಸರು, 32 ಗಂಡಸರು ಸಹಿ ಹಾಕಿದರು. ಅಧ್ಯಕ್ಷತೆ ವಹಿಸಿದ್ದು ಜೇಮ್ಸ್ ಮಾಟ್. ಹದಿನೈದು ವರ್ಷದ ನಂತರವೂ ಆ ಕುರ್ಚಿಯಲ್ಲಿ ಕೂರುವ ಧೈರ್ಯ ಹೆಂಗಸರಿಗೆ ಬಂದಿರಲಿಲ್ಲ. ಎರಡು ವಾರದ ನಂತರ ರಾಚೆಸ್ಟರ್‌ನ ಸಭೆಯಲ್ಲಿ ಅಬಿಗೇಲ್ ಬುಷ್ ಎಂಬಾಕೆಯನ್ನು ಅಧ್ಯಕ್ಷೆ ಮಾಡಲು ಹೊರಟಾಗ ಬೇಡವೆಂದವರಲ್ಲಿ ಲುಕ್ರೀಶಿಯಾರೂ ಒಬ್ಬರು! ಅಬಿಗೇಲ್ ಸಭೆ ನಡೆಸಿಯೇ ಬಿಟ್ಟರು.

ಜೇಮ್ಸ್ ಅವರ ಹ್ಯಾಟು

ವೋಟಿನ ಮಾತು ಬಂದ ಮೇಲೆ ಗುಲಾಮಗಿರಿಯ ಕೆಲಸ ಹಿಂದೆ ಬಿದ್ದಿತೇ? ಇಲ್ಲ. 1849ರ ಮಾರ್ಚ್‌ನಲ್ಲಿ ಹೆನ್ರಿ ಬ್ರೌನ್ ಎಂಬ ಗುಲಾಮ ದಕ್ಷಿಣದ ರಿಚ್ಮಂಡ್ ನಗರದಲ್ಲಿ ಮೂರಡಿ ಉದ್ದದ ಮರದ ಪೆಟ್ಟಿಗೆಯೊಳಗೆ ಕೂತು, ಮೊಳೆ ಹೊಡೆಸಿಕೊಂಡು, ಪಾರ್ಸೆಲ್ ಆಗಿ ಫಿಲಡೆಲ್ಫಿಯಾದ ಗುಲಾಮಗಿರಿ ವಿರೋಧಿ ಕಚೇರಿಗೆ ಬಂದಿಳಿದ. ಸುಮಾರು 27 ಗಂಟೆಯ ಪ್ರಯಾಣ. ಅವನಿಗೆ ಆಸರೆ ಕೊಟ್ಟವರಲ್ಲಿ ಮಾಟ್ ಕುಟುಂಬವೂ ಇತ್ತು. ಪೆಟ್ಟಿಗೆಯಲ್ಲಿ ಮುದುಡಿ ಮುದುಡಿ ಕೈಕಾಲು ಹಿಡಿದುಕೊಂಡಿದ್ದವು, ಅಡ್ಡಾಡಬೇಕಿತ್ತು. ಜೇಮ್ಸ್ ತಮ್ಮ ಅಗಲ ಅಂಚಿನ ಕ್ವೇಕರ್ ಹ್ಯಾಟನ್ನು ಅವನ ತಲೆಗಿಟ್ಟು ಅಂಗಳಕ್ಕೆ ಬಿಟ್ಟರು.

ಅವರು ವೋಟು ಹಾಕಿದರೇ?

ಇದು ಅಕ್ಕನ ಮಗಳ ಪ್ರಾಜೆಕ್ಟಿನ ಕೊನೆಯ ಪ್ರಶ್ನೆ. ಇಲ್ಲ, ಒಮ್ಮೆಯೂ ಇಲ್ಲ.

ಗುಲಾಮಗಿರಿಯ ವಿಚಾರಕ್ಕೆ ಉತ್ತರ ದಕ್ಷಿಣಗಳ ನಡುವೆ ನಡೆದ ಅಂತರ್ಯುದ್ಧ ಮುಗಿದು 1865ರಲ್ಲಿ ಸಂವಿಧಾನದ 13ನೇ ತಿದ್ದುಪಡಿ ಗುಲಾಮಗಿರಿಯನ್ನು ತೆಗೆದುಹಾಕಿತು. ಮರುವರ್ಷ ಕರಿಯರಿಗೂ ಹೆಂಗಸರಿಗೂ ಒಟ್ಟಿಗೇ ವೋಟು ಕೇಳುವ ಸಂಘ ಹುಟ್ಟಿತು, ಅಧ್ಯಕ್ಷೆ ಲುಕ್ರೀಶಿಯಾ. ಆದರೆ 1868ರ 14ನೇ ತಿದ್ದುಪಡಿ ಮತದಾರರ ಮಾತಿನಲ್ಲಿ ಮೊದಲ ಬಾರಿಗೆ 'ಪುರುಷ' ಎಂಬ ಪದ ತಂದಿತು. 1870ರ 15ನೆಯದು ಬಣ್ಣದ ಕಾರಣಕ್ಕೆ ವೋಟು ತಪ್ಪಿಸಬಾರದು ಅಂದಿತು, ಹೆಣ್ಣೆಂಬ ಕಾರಣದ ಬಗ್ಗೆ ಚಕಾರವಿಲ್ಲ. ಸಿಕ್ಕಿದ್ದನ್ನು ಮೊದಲು ಪಡೆಯೋಣ ಎಂದವರು ಒಂದು ಕಡೆ, ನಮ್ಮನ್ನು ಬಿಟ್ಟ ತಿದ್ದುಪಡಿ ಬೇಡ ಎಂದ ಎಲಿಜಬೆತ್ ಒಂದು ಕಡೆ. ಆ ಜಗಳದಲ್ಲಿ ಎಲಿಜಬೆತ್ ಕರಿಯ ಗಂಡಸರ ಬಗ್ಗೆ ಆಡಬಾರದ ಮಾತುಗಳನ್ನೂ ಆಡಿದರು. 1869ರಲ್ಲಿ ಚಳವಳಿ ಎರಡಾಯಿತು. ಎಪ್ಪತ್ತು ದಾಟಿದ ಲುಕ್ರೀಶಿಯಾ ಎರಡೂ ಕಡೆಯವರನ್ನು ಕೂಡಿಸಲು ನೋಡಿದರು, ಆಗಲಿಲ್ಲ. ಅವು ಒಂದಾದದ್ದು 1890ರಲ್ಲಿ.

ಹೆಂಗಸರಿಗೆ ವೋಟು ಕೊಟ್ಟ 19ನೇ ತಿದ್ದುಪಡಿ ಬಂದದ್ದು 1920ರಲ್ಲಿ. ಸೆನೆಕಾ ಫಾಲ್ಸ್‌ನಲ್ಲಿ ಸಹಿ ಹಾಕಿದವರಲ್ಲಿ ಆಗ ಉಳಿದಿದ್ದವರು ಶಾರ್ಲೆಟ್ ವುಡ್‌ವರ್ಡ್ ಒಬ್ಬರೇ, ಅವರಿಗೂ ಆರೋಗ್ಯ ಕೆಟ್ಟು ವೋಟು ಹಾಕಲಾಗಲಿಲ್ಲ. ದಕ್ಷಿಣದ ಕರಿಯ ಹೆಂಗಸರಲ್ಲಿ ಬಹುಪಾಲು ಮಂದಿ ವೋಟಿನ ಹಕ್ಕನ್ನು ಜಾರಿ ಮಾಡಿಸಿದ 1965ರ ಕಾನೂನಿನವರೆಗೆ ಕಾಯಬೇಕಾಯಿತು.

ಲುಕ್ರೀಶಿಯಾ 1880ರ ನವೆಂಬರ್ 11ರಂದು ತೀರಿಕೊಂಡರು. ಫಿಲಡೆಲ್ಫಿಯಾದ ಫೇರ್ ಹಿಲ್ ಸ್ಮಶಾನದಲ್ಲಿ ಜನ ಕ್ವೇಕರ್ ಪದ್ಧತಿಯಂತೆ ಮೌನವಾಗಿ ನಿಂತಿದ್ದರು. ಮೌನ ಉದ್ದವಾಯಿತು. ಯಾರೋ ಮೆಲ್ಲಗೆ, "ಯಾರೂ ಏನೂ ಮಾತಾಡೋದಿಲ್ವೇ?" ಅಂದರು. ಇನ್ನೊಬ್ಬರು ಹೇಳಿದರು: "ಮಾತಾಡೋರು ಯಾರು? ಬೋಧಕಿಯೇ ಹೋದರಲ್ಲ."